ಆಕಾಶದ ಅಲೆಗಳು



ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾಳೆ. ನಾದವನ್ನು ಕೇಳಿಯೇ ಗಟ್ಟಿಯೋ ಒಡಕೋ ಎಂದು ಹೇಳಿಬಿಡುತ್ತಾಳೆ. ಕಣ್ಣಿಗೆ ಕಾಣದ ಆಕಾಶಕಾಯವನ್ನೂ ಹೀಗೆಯೇ ಅರಿಯಬಹುದೆಂದು ಲೆಕ್ಕಹಾಕಿ ತೋರಿಸಿದವರು ಕನ್ನಡಿಗರೊಬ್ಬರು, ಡಾ॥ ಸಿ. ವಿ. ವಿಶ್ವೇಶ್ವರ. ಅವರು ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು, ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು.

ಛಂದಸ್ಸಿನ ಗುರು ಲಘುಗಳನ್ನು ಬಲ್ಲವರಿಗೆ ಗುರುತ್ವವೆಂದರೆ ಭಾರವೆಂದು ಬೇರೆ ಹೇಳಬೇಕಾಗಿಲ್ಲ. ಅತಿಭಾರದ ಕಾಯಗಳು ಒಂದನ್ನೊಂದು ವೇಗವಾಗಿ ಸುತ್ತಿದರೆ, ಕಲ್ಲು ಬಿದ್ದ ಕೆರೆಯಲ್ಲಿ ಏಳುವಂತೆ, ದೇಶಕಾಲದಲ್ಲಿಯೇ ಅಲೆಗಳೇಳುತ್ತವೆ. ಇದನ್ನು ಐನ್‌ಸ್ಟೈನರು 1916ರಲ್ಲಿಯೇ ಹೇಳಿದ್ದರು. ಬೆಳಕನ್ನೂ ಹೊರಬಿಡದ ಕಪ್ಪುಕುಳಿಗೆ ಇಂಥ ಅಲೆ ತಾಗಿದರೆ ಏನಾದೀತು? ಹೊಡೆದ ಘಂಟೆಯಂತೆ ಅದು ತನ್ನದೇ ಶ್ರುತಿಯಲ್ಲಿ ಮಿಡಿದು ಬೇಗನೆ ಶಾಂತವಾಗುತ್ತದೆ. ಆ ಮಿಡಿತದಿಂದ ಅದರ ತೂಕ ತಿಳಿಯುತ್ತದೆ. ವಿಶ್ವೇಶ್ವರರು ಇದನ್ನು ಪ್ರಕಟಿಸಿದ್ದು 1970ರಲ್ಲಿ. ಕಪ್ಪುಕುಳಿಗಳು ಇವೆಯೆಂಬುದನ್ನೇ ಆಗ ಹಲವರು ನಂಬಿರಲಿಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಲೈಗೋ ಕೇಂದ್ರಗಳಿಗೆ ಒಂದು ಅಲೆ ತಲಪಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುಕುಳಿಗಳು ಕೂಡಿ ಒಂದಾದ ಸುದ್ದಿ ಅದು. 4 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅದು ಮಾಡಿದ ವ್ಯತ್ಯಾಸ ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ! ಅದರ ಕೊನೆಯಲ್ಲಿ ಆ ಮಿಡಿತವೂ ಇತ್ತು. ಕಾಗದದ ಮೇಲಿನ ಲೆಕ್ಕಕ್ಕೆ 45 ವರ್ಷಗಳ ಮೇಲೆ ಆಕಾಶವೇ ರುಜು ಹಾಕಿತು. ಅದನ್ನು ಕಂಡು, 2017ರ ಜನವರಿಯಲ್ಲಿ ವಿಶ್ವೇಶ್ವರರು ತೀರಿಕೊಂಡರು.

ಆದರೆ ನೆಲ ಸುಮ್ಮನಿರುವುದಿಲ್ಲ. ಲಾರಿ ಹೋದರೂ, ಕಡಲತೆರೆ ಬಡಿದರೂ ನಡುಗುತ್ತದೆ. ನಕ್ಷತ್ರಸಮೂಹಗಳ ನಡುವೆ ಕುಳಿತ, ಸೂರ್ಯನ ಲಕ್ಷಾಂತರ ಪಾಲು ತೂಕದ ಕಪ್ಪುಕುಳಿಗಳ ಮಂದ್ರಸ್ವರ ಈ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದಕ್ಕೆಂದೇ ಕೇಳುವ ಕಿವಿಯನ್ನು ಆಕಾಶಕ್ಕೆ ಒಯ್ಯಬೇಕು. ಯೂರೋಪಿನ ಬಾಹ್ಯಾಕಾಶ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಿದ ‘ಲೀಸಾ’ ಯೋಜನೆಯಲ್ಲಿ ಮೂರು ನೌಕೆಗಳು 25 ಲಕ್ಷ ಕಿಲೋಮೀಟರ್ ಭುಜದ ತ್ರಿಕೋನವಾಗಿ ಸೂರ್ಯನನ್ನು ಸುತ್ತುತ್ತ, ಲೇಸರ್ ಕಿರಣದಿಂದ ತಮ್ಮ ನಡುವಣ ಅಂತರವನ್ನು ಅಳೆಯಲಿವೆ. ಉಡಾವಣೆ 2035ಕ್ಕೆಂದು ಗೊತ್ತುಮಾಡಿದ್ದಾರೆ.

ನಮ್ಮ ಕ್ಯಾಸನೂರಿನ ಹೆಸರು ವಿಜ್ಞಾನದ ಪುಸ್ತಕ ಸೇರಿದ್ದು 1957ರಲ್ಲಿ ಕಂಡ ಮಂಗನ ಕಾಯಿಲೆಯಿಂದ. ಕನ್ನಡದ ಹೆಸರು ಆಕಾಶದ ಲೆಕ್ಕದಲ್ಲಿಯೂ ಇದೆಯೆಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ. ಆ ನೌಕೆಗಳು ಏರುವ ಹೊತ್ತಿಗೆ ಇಂದಿನ ಎಂಟನೆಯ ತರಗತಿಯವರು ಇಪ್ಪತ್ತು ದಾಟಿರುತ್ತಾರೆ. ಬರುವ ಅಲೆಗಳನ್ನು ಓದಿ ಅರ್ಥ ಹೇಳುವವರು ಬೇಕಾಗುತ್ತಾರೆ. ‘ಇದರಿಂದೇನು ಲಾಭ?’ ಎಂದು ಗದರಿಸದೆ, ಮನೆಯ ಹಿರಿಯರು ಅವರ ಲೆಕ್ಕದ ಪುಸ್ತಕಕ್ಕೆ ಒಂದು ದೀಪ ಹಚ್ಚಿಟ್ಟರೆ ಸಾಕು.