ಪ್ರತಿಭೆಯೂ ಅದನ್ನು ಕಾಣುವ ಕಣ್ಣೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರತಿಭೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ತುಸು ಅಳುಕಿದೆನು. ಇಪ್ಪತ್ತು ವರ್ಷ ವ್ಯಾಕರಣ ಛಂದಸ್ಸುಗಳನ್ನು ಪಾಠ ಹೇಳಿದವನಿಗೆ ತಪ್ಪನ್ನು ಕಾಣುವ ಅಭ್ಯಾಸ ಬಲಿತಿರುತ್ತದೆ. ಪ್ರತಿಭೆಯನ್ನು ಕಾಣುವ ಅಭ್ಯಾಸ ಅಷ್ಟಾಗಿ ಇರುವುದಿಲ್ಲ.

ನಮ್ಮ ಆಲಂಕಾರಿಕರು ಈ ವಿಷಯವನ್ನು ಬಹಳವಾಗಿ ಚರ್ಚಿಸಿದ್ದಾರೆ. ಸದಾ ಹೊಸದಾಗಿ ಅರಳುವ ಬುದ್ಧಿಯೇ ಪ್ರತಿಭೆಯೆಂಬುದು ಭಟ್ಟತೌತನ ಮತ. ಅದು ಹುಟ್ಟಿನಿಂದ ಬರುವುದೆಂದು ಒಪ್ಪಿದ ದಂಡಿಯು, ಅದಿಲ್ಲದವನೂ ವ್ಯಾಸಂಗ ಪರಿಶ್ರಮಗಳಿಂದ ವಾಗ್ದೇವಿಯನ್ನು ಸೇವಿಸಿದರೆ ಆಕೆ ಏನಾದರೊಂದು ಅನುಗ್ರಹವನ್ನು ತೋರುವಳೆಂದು ನಮ್ಮಂಥವರಿಗೆ ಸಮಾಧಾನ ಹೇಳಿದ್ದಾನೆ. ಆದರೆ ನನ್ನನ್ನು ತಡೆದು ನಿಲ್ಲಿಸಿದವನು ರಾಜಶೇಖರ. 'ಕಾವ್ಯಮೀಮಾಂಸೆ'ಯಲ್ಲಿ ಆತನು ಪ್ರತಿಭೆಯನ್ನು ಎರಡಾಗಿ ವಿಂಗಡಿಸಿ, ಕವಿಯದನ್ನು ಕಾರಯಿತ್ರಿಯೆಂದೂ ಸಹೃದಯನದನ್ನು ಭಾವಯಿತ್ರಿಯೆಂದೂ ಕರೆದನು. ಎರಡನೆಯದಿಲ್ಲದಿದ್ದರೆ ಕವಿಯ ಶ್ರಮವು ಹಣ್ಣು ಬಿಡದ ಮರ. ವಿಮರ್ಶಕರಲ್ಲಿ ಏನೂ ರುಚಿಸದವರು, ಹುಲ್ಲನ್ನೂ ಸೇರಿಸಿ ಮೇಯುವವರು, ಮತ್ಸರಿಗಳು, ತತ್ತ್ವವನ್ನು ಹಿಡಿಯುವವರು ಎಂದು ನಾಲ್ಕು ಬಗೆ. ಕೊನೆಯವರು ಸಾವಿರಕ್ಕೊಬ್ಬರಿದ್ದರೆ ಉಂಟು.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಕಾರ್ಕಳದ ಸಮೀಪದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದನು. ಪಾಠಶಾಲೆಯಲ್ಲಿ ಡ್ರಿಲ್ ಮಾಸ್ತರರಿಗೆ ಸಲ್ಲುವ ಮರ್ಯಾದೆ ಎಷ್ಟೆಂಬುದನ್ನು ನಾನು ಹೇಳಬೇಕೆ? ಆತನು 'ರತ್ನಾವತೀ ಕಲ್ಯಾಣ', 'ಕುಮಾರವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದನು. ಬಳಿಕ 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ರಾಮಾಶ್ವಮೇಧ'ಗಳನ್ನು ರಚಿಸಿ, ಇವು ಹಿಂದಿನವರ ಕೃತಿಗಳೆಂಬ ಭಾವನೆ ಬರುವಂತೆ, ಪ್ರಾಚೀನ ಕಾವ್ಯಗಳನ್ನು ಅಚ್ಚು ಹಾಕಿಸುತ್ತಿದ್ದ ಮೈಸೂರಿನ ವಿದ್ವಾಂಸರಿಗೆ ಕಳುಹಿಸಿದನು. ಅವು ಆದರದಿಂದ ಅಚ್ಚಾದುವು. 1901ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ಆತನು ಕ್ಷಯರೋಗದಿಂದ ತೀರಿಕೊಂಡನು. ಮುದ್ದಣನೆಂದರೆ ಈತನೇ ಎಂಬುದು ಲೋಕಕ್ಕೆ ತಿಳಿದದ್ದು ಆಮೇಲೆ.

ಇದು ಕವಿಯ ವಿನಯವೋ, ಅಂಜಿಕೆಯೋ, ಚೇಷ್ಟೆಯೋ? ಮೂರೂ ಇರಬಹುದು. ತನ್ನ ಹೆಸರನ್ನಿಟ್ಟರೆ ಯಾರೂ ಓದಲಾರರೆಂದು ಆತನು ಎಣಿಸಿದ್ದರೆ ಆ ಎಣಿಕೆ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. 'ರಾಮಾಶ್ವಮೇಧ'ದ ಹಳಗನ್ನಡದೊಳಗೆ ಹೊಸ ಕಾಲದ ಉಸಿರು ಎಡೆಯೆಡೆಯಲ್ಲಿ ಆಡುತ್ತಿದೆ. ಗಂಡ ಕಥೆ ಹೇಳುತ್ತಿರಲು ಹೆಂಡತಿ ಮನೋರಮೆ ನಡುವೆ ಬಾಯಿ ಹಾಕುತ್ತಾಳೆ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಸಂಸ್ಕೃತ ಬೇಡ, ತಿಳಿಗನ್ನಡವಾಗಲಿ ಎನ್ನುತ್ತಾಳೆ. ಹೊರಗೆ ಸಿಕ್ಕದ ಸಹೃದಯನನ್ನು ಕವಿಯು ಗ್ರಂಥದೊಳಗೇ ಸೃಷ್ಟಿಸಿಕೊಂಡನೆಂದು ನನ್ನ ಊಹೆ. ರಾಜಶೇಖರನ ಎಣಿಕೆಗೆ ಐದನೆಯ ಬಗೆಯೊಂದನ್ನು ಸೇರಿಸಬೇಕಾಗಿದೆ: ಹಳೆಯದಾದರೆ ಮಾತ್ರ ತಲೆದೂಗುವವರು. ಇವರ ಕಾಟ ಕಾಳಿದಾಸನಿಗೂ ತಪ್ಪಿರಲಿಲ್ಲವೆಂಬುದಕ್ಕೆ 'ಮಾಲವಿಕಾಗ್ನಿಮಿತ್ರ'ದ ಪ್ರಸ್ತಾವನೆಯೇ ಸಾಕ್ಷಿ.

ಆ ಐದನೆಯವರಲ್ಲಿ ನಾನೂ ಒಬ್ಬನು. ಹಲವು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಅಡಕೆಯ ತೋಟದ ಮೇಲೆ ಮಳೆ ಇಳಿದು ಬರುವುದನ್ನು ವರ್ಣಿಸಿ ಭಾಮಿನಿ ಷಟ್ಪದಿಯೊಂದನ್ನು ಬರೆದು ತಂದನು. ಮನೆಮಾತು ತುಳು, ಕನ್ನಡದ ಕಾಗುಣಿತದಲ್ಲಿಯೇ ತಪ್ಪುವ ಹುಡುಗ. ಮಾತ್ರೆಗಳೆಲ್ಲ ಸರಿಯಾಗಿದ್ದುವು. ಮಳೆಗಿಂತ ಮೊದಲು ಅದರ ಸದ್ದು ಗುಡ್ಡದಾಚೆಯಿಂದ ನಡೆದು ಬರುವುದೆಂಬ ಅಂದವಾದ ಕಲ್ಪನೆ ಅದರಲ್ಲಿತ್ತು. ನಾನು ತರಗತಿಯ ಎದುರಿನಲ್ಲಿಯೇ, "ಇದನ್ನು ಯಾವ ಪುಸ್ತಕದಿಂದ ಇಳಿಸಿದೆಯೋ?" ಎಂದು ಕೇಳಿದೆನು. ಹುಡುಗರು ನಕ್ಕರು. ಅವನು, "ಇಲ್ಲ ಸಾರ್" ಎಂದು ಒಂದೇ ಮಾತನ್ನಾಡಿ ಕುಳಿತನು.

ಅವನ ಅಜ್ಜನ ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತೆಂದೂ, ಷಟ್ಪದಿಯ ನಡೆ ಎಳವೆಯಿಂದಲೇ ಅವನ ಕಿವಿಗೆ ಹತ್ತಿತ್ತೆಂದೂ ನನಗೆ ಗೊತ್ತಾದದ್ದು ಅವನು ಶಾಲೆ ಬಿಟ್ಟುಹೋದ ಮೇಲೆ. ನಾನು ಹುಡುಕಿದ ಪುಸ್ತಕವು ಇಂದಿಗೂ ನನಗೆ ಸಿಕ್ಕಿಲ್ಲ. ಆ ಹಾಳೆಯು ನನ್ನ 'ಶಬ್ದಮಣಿದರ್ಪಣ'ದ ನಡುವೆ ಇದೆ; ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ನಾನೇ ಹಾಕಿದ ಪ್ರಶ್ನಾರ್ಥಕ ಚಿಹ್ನೆಯೂ ಇದೆ. ಅದಾದ ಮೇಲೆ ಅವನು ಮತ್ತೊಂದು ಪದ್ಯವನ್ನು ನನಗೆ ತೋರಿಸಲಿಲ್ಲ.