ಜೋಡಿ ಹೊಂದುವುದೆ? ತಾಳೆ ನೋಡಿ

ಮಗುವಿನ ಮೈ ಬಿಸಿಯಾಗಿದೆಯೆಂದು ತಾಯಿಗೆ ಅನುಮಾನ. ಜ್ವರಮಾಪಕ ಸೆಲ್ಸಿಯಸ್ ಮಾನದಲ್ಲಿ 37 ಎಂದು ತೋರಿಸುತ್ತದೆ. ಮನೆಯ ಹಿರಿಯರಿಗೆ ರೂಢಿಯಾಗಿರುವುದು ಫ್ಯಾರನ್‌ಹೀಟ್. "ಇಮ್ಮಡಿ ಮಾಡಿ ಮೂವತ್ತು ಕೂಡಿಸು" ಎಂಬ ಬಾಯಿಲೆಕ್ಕದಂತೆ ನೋಡಿದರೆ 104! ಮನೆಮಂದಿಗೆಲ್ಲ ಗಾಬರಿ. ಆದರೆ 37 ಎಂಬುದು ಆರೋಗ್ಯವಂತರ ಮೈಬಿಸಿ. ತಪ್ಪಿದ್ದು ಲೆಕ್ಕ.

ಸರಿಯಾದ ಲೆಕ್ಕ ಯಾವುದು? ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್‌ನಲ್ಲಿ 0, ಫ್ಯಾರನ್‌ಹೀಟ್‌ನಲ್ಲಿ 32. ಕುದಿಯುವುದು 100 ಮತ್ತು 212. ಅಲ್ಲಿ 100 ಮೆಟ್ಟಿಲಾದರೆ ಇಲ್ಲಿ 180. ಎಂದರೆ 5ಕ್ಕೆ 9. ಆದ್ದರಿಂದ ಫ್ಯಾರನ್‌ಹೀಟ್ ಅಂಕಿಯ ಐದರಷ್ಟು, ಸೆಲ್ಸಿಯಸ್ ಅಂಕಿಯ ಒಂಬತ್ತರಷ್ಟಕ್ಕೆ 160 ಕೂಡಿಸಿದ್ದಕ್ಕೆ ಸಮ. ಇದೇ ರೇಖಾತ್ಮಕ ಸಮೀಕರಣ. ನಕ್ಷೆಯಲ್ಲಿ ಬರೆದರೆ ನೇರ ಗೆರೆ.

ಈಗ ಒಂದು ಜೋಡಿಯನ್ನು ತಾಳೆ ನೋಡೋಣ. ಮೊದಲು ಸೆಲ್ಸಿಯಸ್, ಆಮೇಲೆ ಫ್ಯಾರನ್‌ಹೀಟ್: (37, 98.6). 98.6ರ ಐದರಷ್ಟು 493. 37ರ ಒಂಬತ್ತರಷ್ಟು 333. 160 ಸೇರಿದರೆ 493. ಎರಡು ಕಡೆಯೂ ಸಮ, ಜೋಡಿ ಹೊಂದಿತು. ಇನ್ನು (39, 102): ಒಂದು ಕಡೆ 510, ಇನ್ನೊಂದು ಕಡೆ 511. ಹೊಂದಲಿಲ್ಲ, ಸರಿಯಾದ ಅಂಕಿ 102.2.

ಜೋಡಿಯಲ್ಲಿ ಕ್ರಮ ಮುಖ್ಯ. ಅದಕ್ಕೇ ಕ್ರಮಯುಗ್ಮವೆಂಬ ಹೆಸರು. (40, 104) ಹೊಂದುತ್ತದೆ: ಎರಡು ಕಡೆಯೂ 520. ತಿರುಗಿಸಿ (104, 40) ಎಂದು ಬರೆದರೆ ಒಂದು ಕಡೆ 200, ಮತ್ತೊಂದು ಕಡೆ 1096! ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಮಾನವನ್ನು ಮಂಡಿಸಿದಾಗ ನೀರು ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಎಂದಿಟ್ಟಿದ್ದ. ಅದನ್ನು ತಿರುಗಿಸಿದ್ದು ಆಮೇಲೆ.

ಹಾಗಾದರೆ ಆ ಬಾಯಿಲೆಕ್ಕವನ್ನು ಜನ ನಂಬಿದ್ದೇಕೆ? (10, 50) ಎಂಬ ಜೋಡಿ ಅದಕ್ಕೂ ಹೊಂದುತ್ತದೆ, ಸರಿಯಾದ ಸಮೀಕರಣಕ್ಕೂ ಹೊಂದುತ್ತದೆ. ಎರಡು ಗೆರೆಗಳು ಕೂಡುವ ಬಿಂದು ಅದೊಂದೇ. 20ಕ್ಕೆ ಬಾಯಿಲೆಕ್ಕ 70 ಎನ್ನುತ್ತದೆ, ನಿಜ 68; ಹವೆಯ ಮಾತಿಗೆ ಅಷ್ಟು ಸಾಕು. ಮುಂದೆ ಹೋದಷ್ಟೂ ಅಂತರ ಬೆಳೆಯುತ್ತದೆ. ಒಂದು ಜೋಡಿ ಹೊಂದಿದ ಮಾತ್ರಕ್ಕೆ ಸೂತ್ರವೇ ಸರಿಯೆಂದು ತಿಳಿಯಬಾರದು. ಹೊಂದದ ಒಂದೇ ಒಂದು ಜೋಡಿ ಸಿಕ್ಕರೆ ಸೂತ್ರ ಬಿದ್ದಂತೆಯೇ.

ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ, (-40, -40) ಎಂಬ ಜೋಡಿಯನ್ನು ಅವರಿಂದ ತಾಳೆ ನೋಡಿಸಿ. ತಿರುಗಿಸಿದರೂ ಕೆಡದ ಜೋಡಿ ಅದೊಂದೇ. ಏಕೆಂದು ಅವರನ್ನೇ ಕೇಳಿ.