ಕೊಟ್ಟರೆ ಮಾತ್ರ ಸಿಗುವ ಕಾಳು

ಕಾಕಸಸ್ ಪರ್ವತದ ಹಳ್ಳಿಗಳಲ್ಲಿ ಹಿಂದೆ ಮನೆಬಾಗಿಲ ಬಳಿ ಹಾಲು ತುಂಬಿದ ತೊಗಲಿನ ಚೀಲವೊಂದು ತೂಗುತ್ತಿತ್ತಂತೆ. ಒಳಗೆ ಹೋಗುವವರು, ಹೊರಗೆ ಬರುವವರು ಅದಕ್ಕೊಂದು ಗುದ್ದು ಕೊಟ್ಟೇ ಮುಂದೆ ಹೋಗಬೇಕು. ಹಾಲು ಕುಲುಕಾಡುತ್ತಿದ್ದರೆ ಚೆನ್ನಾಗಿ ಹುಳಿಯುತ್ತದೆ ಎಂಬ ಲೆಕ್ಕಾಚಾರ. ಆ ಚೀಲದಿಂದ ಬರುತ್ತಿದ್ದ, ನಾಲಿಗೆಗೆ ಚುರುಗುಟ್ಟುವ ಹುಳಿ ಪಾನೀಯವೇ ಕೆಫಿರ್.

ಕೆಫಿರ್ ಎಂದರೆ ರಷ್ಯನ್ನರ ಮೊಸರು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಕನ್ನಡನಾಡಿನ ಮನೆಗಳಲ್ಲಿ ಹೆಪ್ಪಿಗೆ ನಿನ್ನೆಯ ಮೊಸರು ಒಂದು ಚಮಚ ಸಾಕು. ಅದಿಲ್ಲವಾದರೆ ಪಕ್ಕದ ಮನೆಯಿದೆ. ಅಲ್ಲೂ ಇಲ್ಲವೆಂದರೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡುವ ಗಟ್ಟಿಗಿತ್ತಿಯರಿದ್ದಾರೆ. ಕೆಫಿರ್‌ಗೆ ಇಂಥ ಉಪಾಯವಿಲ್ಲ. ಅದಕ್ಕೆ ಕಾಳೇ ಬೇಕು.

ಕಾಳು ಎಂಬುದು ಹೆಸರಿಗಷ್ಟೇ. ನೋಡಲು ಹೂಕೋಸಿನ ಚೂರಿನಂತೆ, ಮುಟ್ಟಿದರೆ ರಬ್ಬರಿನಂತೆ. ಹತ್ತಾರು ಬಗೆಯ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಕೆಫಿರಾನ್ ಎಂಬ ಅಂಟಿನಲ್ಲಿ ಒಟ್ಟಾಗಿ ಮನೆ ಕಟ್ಟಿಕೊಂಡಿರುತ್ತವೆ. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಹುಳಿಯಾಗಿಸಿದರೆ, ಯೀಸ್ಟ್ ಗುಳ್ಳೆಗಳನ್ನೂ ಅತ್ಯಲ್ಪ ಮದ್ಯಸಾರವನ್ನೂ ಕೊಡುತ್ತದೆ. ಈ ಜೀವಿಗಳನ್ನು ಬೇರೆ ಬೇರೆಯಾಗಿ ಬೆಳೆಸಿ, ಕೂಡಿಸಿ, ನಿಜವಾದ ಕಾಳು ಕಟ್ಟುವುದು ಪ್ರಯೋಗಾಲಯಗಳಿಗೆ ಇಂದಿಗೂ ಸುಲಭವಾಗಿಲ್ಲ. ಹಳೆಯ ಕಾಳಿನಿಂದಲೇ ಹೊಸ ಕಾಳು ಹುಟ್ಟಬೇಕು. ಹಾಗಾಗಿ ಯಾರೋ ಒಬ್ಬರು ಕೊಡಲೇಬೇಕು.

ಕೊಡುವುದೇ ಕಷ್ಟವಾಗಿತ್ತು. ಎಲ್‌ಬ್ರುಸ್ ಶಿಖರದ ಸುತ್ತಲಿನ ಕರಾಚಾಯ್ ಮತ್ತು ಬಾಲ್ಕಾರ್ ಜನ ಇದನ್ನು ಪ್ರವಾದಿಯವರ ವರವೆಂದು ನಂಬಿದ್ದರು, ಪರರಿಗೆ ಕೊಟ್ಟರೆ ಕಾಳಿನ ಶಕ್ತಿ ಹೋಗುತ್ತದೆ ಎಂದು ಹೆದರುತ್ತಿದ್ದರು ಎನ್ನುತ್ತಾರೆ. ಇಲ್ಲಿಗೊಂದು ಜನಪ್ರಿಯ ರಷ್ಯನ್ ಕಥೆ ಸೇರಿಕೊಂಡಿದೆ. ಇರೀನಾ ಸಖರೋವಾ ಎಂಬ ತರುಣಿಯನ್ನು ಹೈನು ವ್ಯಾಪಾರಿಗಳಾದ ಬ್ಲಾಂದೊವ್ ಸಹೋದರರು ಅಲ್ಲಿನ ರಾಜಕುಮಾರನ ಬಳಿಗೆ ಕಳುಹಿಸಿದರಂತೆ. ಆತ ಆಕೆಯನ್ನು ಅಪಹರಿಸಿದನಂತೆ. ನ್ಯಾಯಾಲಯದಲ್ಲಿ ಆಕೆ ಪರಿಹಾರವಾಗಿ ಚಿನ್ನ ಬೇಡವೆಂದು ಕಾಳು ಕೇಳಿ ಪಡೆದಳಂತೆ. 1908ರಲ್ಲಿ ಮಾಸ್ಕೋದಲ್ಲಿ ಕೆಫಿರ್ ಮಾರಾಟಕ್ಕೆ ಬಂತಂತೆ.

ಸಿನಿಮಾಕ್ಕೆ ಒಳ್ಳೆಯ ಕಥೆ. ಆದರೆ ಎಡ್ವರ್ಡ್ ಕೆರ್ನ್ ಎಂಬ ವಿಜ್ಞಾನಿ 1881ರಲ್ಲೇ ಈ ಕಾಳಿನ ಸೂಕ್ಷ್ಮಜೀವಿಗಳನ್ನು ವರ್ಣಿಸಿ ಬರೆದಿದ್ದರು. ಅದೇ ದಶಕದಲ್ಲಿ ರಷ್ಯನ್ ವೈದ್ಯರು ರೋಗಿಗಳಿಗೆ ಕೆಫಿರ್ ಕುಡಿಸುತ್ತಿದ್ದರು. ಅಂದಮೇಲೆ ಗುಟ್ಟು ಎಷ್ಟೋ ಮೊದಲೇ ಬೆಟ್ಟ ಇಳಿದಿತ್ತು. ಕಥೆಯಲ್ಲಿ ಬೆಟ್ಟದ ಜನ ಬರೀ ಅಪಹರಣಕಾರರು. ಹಾಲು ಹುಳಿಸಿದ ಹೆಂಗಸರ ಹೆಸರು ಒಂದೂ ಇಲ್ಲ.

ಮುಂದಿನದು ಕಥೆಯಲ್ಲ. 1943ರ ನವೆಂಬರ್‌ನಲ್ಲಿ ಸ್ಟಾಲಿನ್ ಸರ್ಕಾರ ಶತ್ರುಗಳಿಗೆ ನೆರವಾದರೆಂಬ ಆರೋಪ ಹೊರಿಸಿ ಕರಾಚಾಯ್ ಜನರನ್ನು ಇಡಿಯಾಗಿ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿತು. 1944ರ ಮಾರ್ಚ್‌ನಲ್ಲಿ ಬಾಲ್ಕಾರರ ಸರದಿ. ದಾರಿಯಲ್ಲಿ, ಹೋದ ನೆಲದಲ್ಲಿ, ಹಸಿವಿನಿಂದ ರೋಗದಿಂದ ಸಾವಿರಾರು ಮಂದಿ ಸತ್ತರು. ಊರಿಗೆ ಮರಳುವ ಹಕ್ಕು ಸಿಕ್ಕಿದ್ದು 1957ರಲ್ಲಿ. ಅವರ ಹೆಸರು ನಕಾಶೆಯಿಂದ ಅಳಿಸಿಹೋಗಿದ್ದ ಆ ವರ್ಷಗಳಲ್ಲೂ ಅವರ ಕಾಳು ಮಾತ್ರ ಸೋವಿಯತ್ ಡೈರಿಗಳಲ್ಲಿ ಉಳಿದಿತ್ತು.

ಕಾಕಸಸ್ ಒಂದೇ ತವರೆಂಬ ಮಾತಿಗೂ ಈಗ ಸವಾಲು ಬಂದಿದೆ. ಚೀನಾದ ಷಿನ್‌ಜಿಯಾಂಗ್‌ನ ಷಿಯಾವೊಹೆ ಸ್ಮಶಾನದ ಶವಗಳ ಜತೆ ಸಿಕ್ಕ, ಸುಮಾರು 3,500 ವರ್ಷ ಹಿಂದಿನ ಗಿಣ್ಣು ಕೆಫಿರ್‌ನಿಂದ ಮಾಡಿದ್ದೆಂದು 2024ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಅದರಲ್ಲಿದ್ದ ಬ್ಯಾಕ್ಟೀರಿಯಾ ಟಿಬೆಟ್ ಕಡೆಯ ತಳಿಗೆ ಹತ್ತಿರದ್ದು.

ಇನ್ನು ಮನೆಯ ಆರೈಕೆ. ಒಂದು ಚಮಚ ಕಾಳಿಗೆ ಒಂದು ದೊಡ್ಡ ಲೋಟ ಹಾಲು. ಮೊಸರಿಗೆ ಉಗುರುಬೆಚ್ಚಗಿನ ಹಾಲು ಬೇಕು; ಇದಕ್ಕೆ ಕಾಯಿಸಿ ಪೂರ್ತಿ ಆರಿಸಿದ ಹಾಲೇ ಸರಿ. ಬಿಸಿ ತಾಗಿದರೆ ಕಾಳು ಸಾಯುತ್ತದೆ. ಗಾಜಿನ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಬೀಳದ ಕಡೆ ಇಡಬೇಕು. 20ರಿಂದ 25 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಸಾಕು. ಸೆಕೆ ಹೆಚ್ಚಿದ್ದರೆ ಇನ್ನೂ ಬೇಗ ನೋಡಬೇಕು. ಮರೆತರೆ ತಿಳಿನೀರು ಬೇರೆಯಾಗಿ ಮೂಗು ಮುಚ್ಚುವಷ್ಟು ಹುಳಿ ಬರುತ್ತದೆ. ಹಾಗಾದರೂ ಗಾಬರಿ ಬೇಡ, ಸೋಸಿ ಹೊಸ ಹಾಲಿಗೆ ಹಾಕಿದರೆ ಕಾಳು ಚೇತರಿಸಿಕೊಳ್ಳುತ್ತದೆ. ಪ್ರತಿಸಲ ನಲ್ಲಿ ನೀರಿನಲ್ಲಿ ತೊಳೆಯುವ ಶುಚಿತ್ವ ಇಲ್ಲಿ ಸಲ್ಲದು, ಕ್ಲೋರಿನ್ ಅದಕ್ಕೆ ಆಗದು. ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳೂ ಬೇಡ. ಗುಲಾಬಿ ಬಣ್ಣವೋ ಬೂಷ್ಟೋ ಕಂಡರೆ ಮುಲಾಜಿಲ್ಲದೆ ಎಸೆಯಬೇಕು. ಊರಿಗೆ ಹೋಗುವಾಗ ಹಾಲಿನ ಸಮೇತ ಫ್ರಿಜ್‌ನಲ್ಲಿಟ್ಟರೆ ವಾರ ಕಳೆಯುತ್ತದೆ.

ಚೆನ್ನಾಗಿ ನೋಡಿಕೊಂಡರೆ ಕಾಳು ಬೆಳೆಯುತ್ತಲೇ ಹೋಗುತ್ತದೆ, ಜಾಡಿ ತುಂಬುತ್ತದೆ. ಆಗ ಒಂದಿಷ್ಟನ್ನು ಹಾಲಿನೊಂದಿಗೆ ಡಬ್ಬಿಗೆ ಹಾಕಿ ಪಕ್ಕದ ಮನೆಗೆ ಕೊಡಬಹುದು. ಗಾಳಿ ಹೊರಹೋಗುವಂತೆ ಮುಚ್ಚಳ ಸಡಿಲವಾಗಿರಲಿ.